ಹುಚ್ಚವ್ವನನ್ನು ಹೊರಗೆ ಹಾಕಿದ ದಿನ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಹುನಗುಂದದ ಬ್ಲಾಕ್ ಆಫೀಸಿನಲ್ಲಿ ಜವಾನನಿಂದ ಹಿಡಿದು ಬಿಡಿಓ ಸಾಹೇಬರವರೆಗೆ ಎಲ್ಲರಿಗೂ ಇದು ಗೊತ್ತಿತ್ತು. ಗುರುಸಿದ್ದವ್ವ ಅಕ್ಕಾರು ಬಂದರು ಎಂದರೆ ಹರಟೆ ನಿಲ್ಲುತ್ತಿತ್ತು. ನಾನು ಗ್ರಾಮಸೇವಿಕೆ. ಹಳ್ಳಿಯ ಹೆಂಗಸರಿಗೆ ಹೊಗೆಯಿಲ್ಲದ ಒಲೆ ಹಾಕಿಸುವುದು, ಕೂಸುಗಳಿಗೆ ಹಾಲಿನಪುಡಿ ಹಂಚುವುದು ನನ್ನ ಕೆಲಸ. ತುರ್ತು ಪರಿಸ್ಥಿತಿ ಮುಗಿದ ಮರುವರ್ಷ ಇಳಕಲ್ ರಸ್ತೆಯ ಬದಿಗೆ ಇಪ್ಪತ್ನಾಲ್ಕು ಜನತಾ ಮನೆ ಎದ್ದವು. ಮನೆಯಿಲ್ಲದವರನ್ನು ಹುಡುಕಿ, ಒಬ್ಬೊಬ್ಬರಿಗೂ ಒಂದು ಫೈಲು ಮಾಡಿ, ಬೇಕಾದ ಕಾಗದಗಳನ್ನೆಲ್ಲ ಕೂಡಿಸಿ, ಕೀಲಿಕೈ ಅವರ ಕೈಗೆ ಬೀಳುವವರೆಗೂ ಬೆನ್ನು ಹತ್ತುವ ಕೆಲಸವೂ ನನ್ನ ಕೊರಳಿಗೇ ಬಿತ್ತು. ಗಂಡ ಸತ್ತವಳು, ಮಕ್ಕಳಿಲ್ಲದವಳು, ಮನೆಗೆ ಹೋಗಿ ಮಾಡುವುದಾದರೂ ಏನು ಎಂದು ಸಾಹೇಬರು ಲೆಕ್ಕ ಹಾಕಿದ್ದರೋ ಏನೋ.

ಇಪ್ಪತ್ಮೂರು ಫೈಲುಗಳು ಹೇಗೋ ದಾರಿಗೆ ಬಂದವು. ಅವರಿಗೆಲ್ಲ ಗುಡಿಸಲೆಂದಾದರೂ ಒಂದಿತ್ತು, ಗುಡಿಸಲಿಗೆ ಮಲೇರಿಯಾದವರು ಬರೆದುಹೋದ ನಂಬರಾದರೂ ಇತ್ತು. ಇಪ್ಪತ್ನಾಲ್ಕನೆಯ ಫೈಲು ಹುಚ್ಚವ್ವನದು. ಅವಳಿಗೆ ಅದೂ ಇರಲಿಲ್ಲ.

ಹುಚ್ಚವ್ವ ಸಂತೆ ಬಯಲಿನ ತಗಡಿನ ಚಾವಣಿಯ ಕಟ್ಟೆಯ ಮೇಲೆ ಇರುತ್ತಿದ್ದಳು. ಸಂತೆಯ ದಿನ ಗಂಟು ಕಟ್ಟಿಕೊಂಡು ಎದ್ದುಹೋಗಬೇಕು, ಸಂತೆ ಮುಗಿದ ಮೇಲೆ ಕೊಳೆತ ಬದನೆಕಾಯಿ ಗುಡಿಸಿ ಮತ್ತೆ ಹಾಸಬೇಕು. ಅವಳ ಗಂಡ ಕನಕಪ್ಪ ಕುರಿ ಕಾಯುವವನು. ಮಳೆಗೆ ಒಂದು ಸೀಮೆ, ಸುಗ್ಗಿಗೆ ಒಂದು ಸೀಮೆ ಎಂದು ಹಿಂಡಿನ ಹಿಂದೆ ತಿರುಗಿದವರಿಗೆ ಯಾವ ಊರಿನ ಯಾವ ಪುಸ್ತಕದಲ್ಲೂ ಮನೆ ಇರಲಿಲ್ಲ. ಹುನಗುಂದದ ಹತ್ತಿರ ಬೀಡು ಬಿಟ್ಟಾಗ ಅವನು ಹಾವು ಕಚ್ಚಿ ಸತ್ತ. ಕುರಿಗಳನ್ನು ಅವನ ಅಣ್ಣ ಹೊಡೆದುಕೊಂಡು ಹೋದ. ಹುಚ್ಚವ್ವ ಮಗಳ ಕೈ ಹಿಡಿದುಕೊಂಡು ಕಟ್ಟೆ ಹತ್ತಿದಳು, ಹತ್ತು ವರ್ಷ ಇಳಿಯಲಿಲ್ಲ. ಅಡತಿ ಅಂಗಡಿಗಳಲ್ಲಿ ಶೇಂಗಾ ಒಡೆದು, ಮೆಣಸಿನಕಾಯಿ ಆರಿಸಿ ಮಗಳು ಮಾಯವ್ವನನ್ನು ಬೆಳೆಸಿದಳು. ಬೀರಪ್ಪನ ಗುಡಿಯ ಮುಂದೆ ಮದುವೆ ಮಾಡಿ ಅಮೀನಗಡಕ್ಕೆ ಕೊಟ್ಟಳು. ಅಳಿಯ ಹುಲ್ಲಪ್ಪ ಅಲ್ಲಿ ಕರದಂಟಿನ ಅಂಗಡಿಯೊಂದರಲ್ಲಿ ಅಂಟು ಹುರಿಯುವ ಕೆಲಸದವನು.

ಮದುವೆಗೆ ಮನೆ ಬೇಕಾಗಲಿಲ್ಲ. ಬಾಣಂತನಕ್ಕೆ ಬೇಕಾಯಿತು. ಮಾಯವ್ವ ಬಸುರಿಯಾದಳು, ಮೊದಲ ಹೆರಿಗೆ ತವರಿನಲ್ಲಿ ಆಗಬೇಕು. ಏಳನೆಯ ತಿಂಗಳಲ್ಲಿ ಕುಬಸದ ಶಾಸ್ತ್ರ ಮಾಡಿ ಮಗಳನ್ನು ಕರೆದುಕೊಂಡು ಬರುತ್ತೇನೆ ಎಂದು ಹುಚ್ಚವ್ವ ಹೋಗಿ ಹೇಳಿದರೆ, ಬೀಗಿತಿ ರಾಮವ್ವ ಬಾಗಿಲಲ್ಲೇ ನಿಲ್ಲಿಸಿ ಹೇಳಿದಳಂತೆ: "ಹೊಸ್ತಲ ಇದ್ದ ಮನಿ ತೋರ್ಸು, ಸೊಸಿನ್ನ ಕಳಸ್ತೇನಿ. ಸಂತಿ ಕಟ್ಟಿ ಮ್ಯಾಲ ನಮ್ಮ ಕೂಸು ಹುಟ್ಟೂದು ಬ್ಯಾಡ."

ಇದನ್ನು ಹೇಳುತ್ತ ಹುಚ್ಚವ್ವ ಅಳಲಿಲ್ಲ. ಮಾಯವ್ವನ ಕಾಲಿಗೆ ಬಾವು ಬಂದಿದೆ, ಆ ಮನೆಯಲ್ಲಿ ನೋವು ಬರುವ ದಿನದವರೆಗೂ ಅವಳೇ ನೀರು ಹೊರಬೇಕು, ಮೂರು ತಿಂಗಳು ತನ್ನ ಕೈಯಲ್ಲಿದ್ದರೆ ಹುಡುಗಿ ಉಳಿಯುತ್ತಾಳೆ ಎಂದಳು. ನಾನು ಮಾತು ಕೊಟ್ಟೆ. ಕೊಡಬಾರದಿತ್ತು. ಸರಕಾರದ ಮನೆಯನ್ನು ನನ್ನ ಸ್ವಂತದ್ದೆಂಬಂತೆ ಕೊಟ್ಟುಬಿಟ್ಟೆ.

ರೇಷನ್ ಕಾರ್ಡು ಇಲ್ಲದವರ ಫೈಲು ನಡೆಯುವುದಿಲ್ಲ ಎಂದರು. ರೇಷನ್ ಕಾರ್ಡು ಕೇಳಿದರೆ ಮನೆ ನಂಬರು ಕೇಳಿದರು. ಮನೆ ಇಲ್ಲ, ಅದಕ್ಕೇ ಮನೆ ಕೇಳುತ್ತಿದ್ದಾಳೆ ಎಂದೆ. ಹಾಗಾದರೆ ಮೊದಲು ಒಂದು ಮನೆ ಮಾಡಿಕೊಂಡು ಬರಲಿ ಎಂದ ರೇಷನ್ ಗುಮಾಸ್ತ, ಎತ್ತಿದ ಪೆನ್ನು ಇಳಿಸದೆ. ಮೂರು ಸಲ ತಿರುಗಿಸಿದ. ಮೂರನೆಯ ಸಲ ನನ್ನ ತಲೆ ಕೆಟ್ಟಿತು. ಅವನ ಮುಂದಿದ್ದ ಅರ್ಜಿ ಕಿತ್ತುಕೊಂಡು ಮನೆ ನಂಬರಿನ ಜಾಗದಲ್ಲಿ ನನ್ನ ಮನೆಯ ನಂಬರು ನೂರಾ ಹದಿನೆಂಟು ಬರೆದೆ. ನಮ್ಮ ಮನೆಯ ಕಾರ್ಡು ನನ್ನ ಜೊತೆಗಿದ್ದ ಅವ್ವ ಸಿದ್ದಲಿಂಗವ್ವನ ಹೆಸರಿನಲ್ಲಿತ್ತು. ಯಜಮಾನರೊಂದಿಗೆ ಸಂಬಂಧ ಎಂಬಲ್ಲಿ 'ತಂಗಿ' ಎಂದು ಬರೆದೆ. ಲಿಂಗಾಯತರ ಸಿದ್ದಲಿಂಗವ್ವನಿಗೆ ಕುರುಬರ ತಂಗಿ ಎಲ್ಲಿಂದ ಬಂದಳು ಎಂದು ಆ ಪುಣ್ಯಾತ್ಮ ಕೇಳಲೂ ಇಲ್ಲ. ನಂಬರು ಸಿಕ್ಕಿತಲ್ಲ, ಠಸ್ಸೆ ಹೊಡೆದ. ಗೆದ್ದೆ ಎಂದು ಎದೆ ಉಬ್ಬಿಸಿಕೊಂಡು ಹೊರಗೆ ಬಂದೆ. ನನ್ನಂಥ ಪೆದ್ದಿ ಆ ತಾಲೂಕಿನಲ್ಲಿ ಇನ್ನೊಬ್ಬಳಿರಲಿಲ್ಲ.

ಎರಡು ತಿಂಗಳಿಗೆ ಪಟ್ಟಿ ವಿಜಾಪುರದಿಂದ ತಿರುಗಿ ಬಂತು. ಇಪ್ಪತ್ಮೂರು ಹೆಸರು ಹಾಗೇ ಇದ್ದವು. ಹುಚ್ಚವ್ವನ ಹೆಸರಿನ ಮೇಲೆ ಕೆಂಪು ಗೆರೆ. ಪಕ್ಕದಲ್ಲಿ ಬರೆದಿತ್ತು: ಮನೆ ನಂಬರು ನೂರಾ ಹದಿನೆಂಟರಲ್ಲಿ ಅಕ್ಕನೊಂದಿಗೆ ವಾಸ, ನಿರಾಶ್ರಿತಳಲ್ಲ.

ಓಡಿದೆ. ತಹಸೀಲ್ದಾರ ಕಚೇರಿಯ ಶಿರಸ್ತೇದಾರ ಅಂದಾನಪ್ಪನವರು ಮರುವರ್ಷ ನಿವೃತ್ತಿಯಾಗುವವರು, ತಂಬಾಕು ತಿಕ್ಕುತ್ತ ಎಲ್ಲರ ಗೋಳನ್ನೂ ಕೇಳುವವರು. ಕಾರ್ಡಿನಿಂದ ಹೆಸರು ತೆಗೆದುಹಾಕಿ ಎಂದೆ. ತೆಗೆಯಬಹುದು, ಆದರೆ ಕಾರಣ ಬೇಕು ಎಂದರು. ಸತ್ತಿರಬೇಕು, ಮದುವೆಯಾಗಿ ಹೋಗಿರಬೇಕು, ಇಲ್ಲವೇ ಬೇರೆ ಮನೆಯ ನಂಬರು ತೋರಿಸಬೇಕು. ಸುಳ್ಳು ಬರೆದವಳು ನಾನೇ ಎಂದು ತಹಸೀಲ್ದಾರರ ಮುಂದೆ ಒಪ್ಪಿಕೊಂಡರೆ ಎಂದೆ. ಅವರು ತಂಬಾಕು ಬಾಯಿಗೆ ಹಾಕಿಕೊಂಡು ನಿಧಾನಕ್ಕೆ ಹೇಳಿದರು: ಆಗ ನೀವು ಸಸ್ಪೆಂಡು, ಆಕೆಯ ಅರ್ಜಿ ಸುಳ್ಳು ದಾಖಲೆಯದ್ದೆಂದು ಪೂರಾ ವಜಾ, ಮತ್ತೆಂದೂ ಅರ್ಜಿ ಹಾಕುವಂತಿಲ್ಲ.

"ಹಂಗಾದ್ರ ಏನ್ ಮಾಡ್ಲಿರಿ?" ಎಂದೆ.

"ಒಂದ ದಾರಿ ಐತಿ ನೋಡ್ರಿ," ಎಂದರು. "ಒಳಗ ಇದ್ದಾಕಿನ್ನ ಹೊರಗ ಹಾಕಬೇಕು. ಪಂಚರ ಮುಂದ."

ಇದ್ದ ಮನೆಯಿಂದ ಸಂಬಂಧಿಕರೇ ಹೊರಗೆ ಹಾಕಿದರೆ ಆಕೆ ಆ ಗಳಿಗೆಯಿಂದ ನಿರಾಶ್ರಿತಳು. ಐದು ಜನ ಪಂಚರು ಕಣ್ಣಾರೆ ನೋಡಿ ಸಹಿ ಹಾಕಿದ ಪಂಚನಾಮೆ ಹೋದರೆ ವಿಜಾಪುರದವರೂ ಬಾಯಿ ಮುಚ್ಚುತ್ತಾರೆ. ಆದರೆ ಪಂಚರು ನಮ್ಮ ಓಣಿಯವರೇ ಆಗಬೇಕು. ನಮ್ಮ ಓಣಿಯಲ್ಲಿ ಹುಚ್ಚವ್ವನನ್ನು ಯಾರೂ ನೋಡಿರಲಿಲ್ಲ. ನೋಡದ್ದಕ್ಕೆ ಸಹಿ ಹಾಕುವ ಜನ ಅವರಲ್ಲ. ಕೀಲಿಕೈ ಹಂಚುವುದಕ್ಕೆ ಹದಿನೈದು ದಿನ ಉಳಿದಿತ್ತು, ಆಮೇಲೆ ಮನೆ ಮುಂದಿನ ಹೆಸರಿಗೆ ಹೋಗುತ್ತಿತ್ತು. ಮಾಯವ್ವನಿಗೆ ಆಗಲೇ ಏಳು ಮುಗಿಯುತ್ತ ಬಂದಿತ್ತು.

ಕಟ್ಟೆಗೆ ಹೋಗಿ ಹುಚ್ಚವ್ವನಿಗೆ ಎಲ್ಲ ಬಿಡಿಸಿ ಹೇಳಿದೆ. ಅವಳು ಕೇಳಿದಳು: "ಅಂದ್ರ ಹೊರಗ ಹಾಕಾಕ ಅಂತ ಒಳಗ ಕರೀತೀರಿ?"

ಹೌದು ಎಂದೆ. ಅವಳು ನಕ್ಕಳು. ನನಗೆ ನಗು ಬರಲಿಲ್ಲ.

ಅವ್ವನನ್ನು ಒಪ್ಪಿಸುವುದಕ್ಕೆ ಒಂದು ದಿನ ಹಿಡಿಯಿತು. ಇಷ್ಟಲಿಂಗ ಪೂಜೆಯಾಗದೆ ಗುಟುಕು ನೀರು ಕುಡಿಯದ ಹೆಂಗಸು. ಕೊನೆಗೆ, ಹನ್ನೆರಡು ದಿನ ತಾನೇ, ಪಡಸಾಲೆಯಲ್ಲಿ ಇರಲಿ, ಅಡುಗೆಮನೆಗೆ ಬರಕೂಡದು ಎಂದಳು. ಗೋಡೆಯ ಮೇಲೆ ಬಸವಣ್ಣನ ಫೋಟೋ, ಅದರ ಕೆಳಗೇ ಹುಚ್ಚವ್ವನ ತಾಟು ಬೇರೆ. ಬಸವಣ್ಣ ಇದನ್ನೇ ಹೇಳಿದ್ದನೇನು ಎಂದು ನಾನು ಕೇಳಿದ್ದಕ್ಕೆ ಅವ್ವ, ಅವನು ಹೇಳಿದ್ದು ಅವನ ಹತ್ತಿರ ಇರಲಿ, ನೀನು ಬರೆದದ್ದಕ್ಕೆ ನಾನು ಅನುಭವಿಸುತ್ತಿದ್ದೇನೆ ಎಂದು ಮುಖ ತಿರುವಿದಳು.

ಮೊದಲ ಮೂರು ದಿನ ಹೀಗೇ ನಡೆಯಿತು. ಹುಚ್ಚವ್ವ ಬೆಳಿಗ್ಗೆ ಅಂಗಳ ಗುಡಿಸಿ ನೀರು ಹೊಡೆಯುವಳು, ಓಣಿಯವರಿಗೆ ಕಾಣುವಂತೆ ಮನೆ ಮುಂದಿನ ಕಟ್ಟೆಯ ಮೇಲೆ ಕೂತು ಕಾಳು ಹಸನು ಮಾಡುವಳು. ಯಾರು ಎಂದು ಕೇಳಿದವರಿಗೆ ದೂರದ ಸಂಬಂಧದಲ್ಲಿ ತಂಗಿ ಎನ್ನುವಳು. ನಾಲ್ಕನೆಯ ದಿನ ಅವ್ವನ ಮೊಣಕಾಲು ಹಿಡಿದುಕೊಂಡಿತು. ನಾನು ಆಫೀಸಿನಿಂದ ಬರುವಷ್ಟರಲ್ಲಿ ಹುಚ್ಚವ್ವ ಎಕ್ಕದ ಎಲೆ ಕಾಸಿ ಕಟ್ಟಿ ಕಾಲು ಒತ್ತುತ್ತಿದ್ದಳು, ಅವ್ವ ಕಣ್ಣು ಮುಚ್ಚಿಕೊಂಡು ತನ್ನ ತವರಿನ ಕಥೆ ಹೇಳುತ್ತಿದ್ದಳು. ಎಂಟನೆಯ ದಿನ ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಕೇಳಿತು. ಅವ್ವನ ಕೈಯ ಸಪ್ಪಳ ನನಗೆ ಗೊತ್ತು, ಅದು ಅದಾಗಿರಲಿಲ್ಲ. ಹೋಗಿ ನೋಡಿದರೆ ಹಿಟ್ಟಿನ ಕೊಣಮಿಗೆಯ ಮುಂದೆ ಹುಚ್ಚವ್ವ, ಒಲೆಯ ಮುಂದೆ ಅವ್ವ. ಒಬ್ಬಳು ಬಡಿಯುತ್ತಾಳೆ, ಇನ್ನೊಬ್ಬಳು ಬೇಯಿಸುತ್ತಾಳೆ. ನಾನು ಬಂದದ್ದನ್ನು ಇಬ್ಬರೂ ನೋಡಲಿಲ್ಲ.

ನನಗೆ ಸಂತೋಷವಾಗಬೇಕಿತ್ತು. ಖರೆ ಹೇಳುತ್ತೇನೆ, ಹೊಟ್ಟೆ ಉರಿಯಿತು. ಹದಿನಾಲ್ಕು ವರ್ಷ ನಾನೂ ಅವ್ವನೂ ಒಂದೇ ಸೂರಿನಡಿ ಇದ್ದೇವೆ, ನನ್ನ ಹತ್ತಿರ ಅವಳು ಇಷ್ಟು ಮಾತಾಡಿದ್ದಿಲ್ಲ. ಹತ್ತನೆಯ ದಿನ ಇನ್ನೊಂದು ನೋಡಿದೆ. ಅವ್ವ ಟ್ರಂಕು ತೆರೆದು ಒಂದು ಬೆಳ್ಳಿ ಉಡದಾರ ತೆಗೆದು ಹುಚ್ಚವ್ವನ ಅಂಗೈಯಲ್ಲಿಟ್ಟು ತೋರಿಸುತ್ತಿದ್ದಳು. ಕೂಸಿನ ನಡುವಿಗೆ ಕಟ್ಟುವ ಉಡದಾರ. ನಾನು ಮದುವೆಯಾದ ವರ್ಷ, ನನ್ನ ಹೊಟ್ಟೆಯಲ್ಲಿ ಹುಟ್ಟುವ ಕೂಸಿಗೆಂದು ಅವ್ವ ಮಾಡಿಸಿಟ್ಟದ್ದು. ಕೂಸು ಹುಟ್ಟಲಿಲ್ಲ, ಗಂಡ ಉಳಿಯಲಿಲ್ಲ, ಅದನ್ನು ನೋಡಬೇಕೆಂದು ನಾನೂ ಎಂದೂ ಕೇಳಲಿಲ್ಲ. ಈಗ ಅದು ಇನ್ನೊಬ್ಬಳ ಅಂಗೈಯಲ್ಲಿ ಹೊಳೆಯುತ್ತಿತ್ತು. ಹಿತ್ತಲಿಗೆ ಹೋಗಿ ಕೈಕಾಲು ತೊಳೆದುಕೊಂಡೆ.

ಹನ್ನೆರಡನೆಯ ದಿನ ಬೆಳಿಗ್ಗೆ ಅಂದಾನಪ್ಪನವರು ಕಾಗದ, ಪೆನ್ನು, ಠಸ್ಸೆಯ ಡಬ್ಬಿ ಸಮೇತ ಬಂದರು. ಪಂಚರಾಗಿ ಓಣಿಯ ಐದು ಜನ ಬಂದು ಅಂಗಳದಲ್ಲಿ ನಿಂತರು. ಅದರಲ್ಲಿ ಮೂಲೆಯ ಅಂಗಡಿಯ ಕಾಶಪ್ಪ ಮುಖ್ಯ. ಅಮೀನಗಡದ ಕರದಂಟಿನ ಅಂಗಡಿಗಳಿಗೆ ಬೆಲ್ಲ, ಒಣಕೊಬ್ಬರಿ ಹಾಕುವವನು. ಹಿಂದಿನ ದಿನವೇ ನಾನು, ಅವ್ವ, ಹುಚ್ಚವ್ವ ಮೂವರೂ ಕೂತು ಮಾತಾಡಿಕೊಂಡಿದ್ದೆವು. ಹೊಂದಾಣಿಕೆ ಇಲ್ಲ, ಇನ್ನು ಇಟ್ಟುಕೊಳ್ಳುವುದು ಆಗುವುದಿಲ್ಲ ಎಂದು ಅವ್ವ ಹೇಳಬೇಕು, ನಾನು ಹೂಂ ಎನ್ನಬೇಕು, ಹುಚ್ಚವ್ವ ಗಂಟು ಹಿಡಿದುಕೊಂಡು ಇಳಿದುಹೋಗಬೇಕು. ಕಾಲು ಗಂಟೆಯ ಕೆಲಸ.

ಅಂದಾನಪ್ಪನವರು ತಲೆಬರಹ ಬರೆದು, ಮನೆಯ ಯಜಮಾನಿ ಏನು ಹೇಳುತ್ತೀರಿ ಎಂದು ಅವ್ವನನ್ನು ಕೇಳಿದರು. ಅವ್ವ ಕಂಬಕ್ಕೆ ಆನಿಕೊಂಡು ನಿಂತಿದ್ದಳು. ಹುಚ್ಚವ್ವನನ್ನು ನೋಡಿದಳು, ನನ್ನನ್ನು ನೋಡಿದಳು.

"ಈಕಿ ನನ್ನ ತಂಗಿ," ಎಂದಳು. "ಸರಕಾರದ ಕಾಗದದಾಗ ಹಂಗ ಐತಿ. ತಂಗಿನ್ನ ಯಾರರ ಹೊರಗ ಹಾಕ್ತಾರೇನ್ರಿ? ಇರ್ಲಿ ಬಿಡ್ರಿ. ಈಕಿ ಮಗಳೂ ಬರ್ಲಿ, ಬಾಣಂತನ ಇಲ್ಲೇ ಆಗ್ಲಿ."

ಅವ್ವನ ಮಾತು ದೇವರ ಮಾತೇ ಸರಿ, ಆದರೆ ಅದನ್ನು ಬರೆದುಕೊಂಡರೆ ಮನೆ ಹೋಯಿತು. ಇವತ್ತು ಬಾಣಂತನ ಇಲ್ಲಿ ಆದೀತು. ನಾಳೆ? ಅವ್ವನಿಗೆ ಎಪ್ಪತ್ತು. ನನಗೆ ವರ್ಗವಾದರೆ ಈ ಬಾಡಿಗೆ ಮನೆಯನ್ನೂ ಬಿಡಬೇಕು. ಹುಚ್ಚವ್ವ ಮತ್ತೆ ಕಟ್ಟೆ ಹತ್ತಬೇಕು. ಪಂಚರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಂದಾನಪ್ಪನವರು ಪೆನ್ನಿನ ಟೊಪ್ಪಿಗೆ ಹಾಕಿ, "ಅವ್ವಾರ ಹಿಂಗಂದ್ರ ನಾ ಏನ್ ಬರೀಲಿರಿ ಅಕ್ಕಾರ? ಕಾರಣ ಇಲ್ಲಲ್ಲ," ಎಂದರು.

"ಐತಿ," ಎಂದೆ.

ಎಲ್ಲರೂ ನನ್ನ ಕಡೆ ತಿರುಗಿದರು. ಏನು ಹೇಳುತ್ತೇನೆಂದು ನನಗೂ ಗೊತ್ತಿರಲಿಲ್ಲ. ಸಿಟ್ಟು ನೆತ್ತಿಗೇರಿತ್ತು. ಅವ್ವನ ಮೇಲೆ, ಸರಕಾರದ ಮೇಲೆ, ಅಡುಗೆಮನೆಯ ಆ ರೊಟ್ಟಿಯ ಸಪ್ಪಳದ ಮೇಲೆ. ಬಾಯಿಗೆ ಬಂದದ್ದು ಅದೇ.

"ಕಳವು ಮಾಡ್ಯಾಳ. ನಮ್ಮ ಟ್ರಂಕಿನಾಗಿನ ಬೆಳ್ಳಿ ಉಡದಾರ. ತನ್ನ ಮೊಮ್ಮಗಗ ಬೇಕಲ್ಲ, ಎತ್ತಿಕೊಂಡಾಳ."

ಹುಚ್ಚವ್ವ ನನ್ನನ್ನೇ ನೋಡುತ್ತಿದ್ದಳು. ಇದು ಮಾತಾಡಿಕೊಂಡದ್ದಲ್ಲ ಎಂದು ಅವಳಿಗೆ ಗೊತ್ತಾಗಿತ್ತು, ಆದರೆ ಆಟ ಎಲ್ಲಿ ಮುಗಿಯುತ್ತದೆಂದು ಗೊತ್ತಾಗಿರಲಿಲ್ಲ. ನನಗೂ ಅಷ್ಟೇ. ಸುಮ್ಮನೆ ಒಂದು ಮಾತು, ಬರೆದುಕೊಳ್ಳುತ್ತಾರೆ, ಮುಗಿಯುತ್ತದೆ ಎಂದುಕೊಂಡಿದ್ದೆ. ಆದರೆ ಕಾಶಪ್ಪ ಅಂಗಡಿಯ ಮನುಷ್ಯ, ಕಳವು ಎಂದರೆ ಅವನ ಕಿವಿ ನಿಮಿರುತ್ತದೆ. ನೋಡದ್ದಕ್ಕೆ ನಾನು ಸಹಿ ಹಾಕುವುದಿಲ್ಲ, ಗಂಟು ಬಿಚ್ಚಿ ಎಂದ. ಬಿಚ್ಚಿದರೆ ಏನೂ ಸಿಗುವುದಿಲ್ಲ, ನಾನು ಸುಳ್ಳಿ ಆಗುತ್ತೇನೆ. ಕಾಶಪ್ಪ ತಾನೇ ಬಗ್ಗಿ ಗಂಟು ಬಿಚ್ಚಿದ.

ಎರಡು ಸೀರೆ, ಒಂದು ಕಂಬಳಿ, ಮಗಳ ಕುಬಸಕ್ಕೆಂದು ಕೊಂಡಿದ್ದ ಒಂದು ಗುಳೇದಗುಡ್ಡದ ಖಣ. ಖಣದ ಮಡಿಕೆಯೊಳಗೆ ಉಡದಾರ.

ಆ ಕ್ಷಣಕ್ಕೆ ಎಲ್ಲ ತಿಳಿಯಿತು. ಅವ್ವ ತೋರಿಸಿದ್ದಷ್ಟೇ ಅಲ್ಲ, ಕೊಟ್ಟುಬಿಟ್ಟಿದ್ದಳು. ನನ್ನನ್ನು ಕೇಳಿದರೆ ಬೇಡ ಎನ್ನುತ್ತೇನೆಂದು ಗುಟ್ಟಾಗಿ ಕೊಟ್ಟಿದ್ದಳು. ಅವ್ವ ಕಂಬ ಬಿಟ್ಟು ಮುಂದೆ ಬಂದಳು, ಬಾಯಿ ತೆರೆದಳು. ಅವಳು ಇನ್ನೊಂದು ಅಕ್ಷರ ಆಡಿದ್ದರೆ ಪಂಚನಾಮೆಯೂ ಇಲ್ಲ, ಮನೆಯೂ ಇಲ್ಲ. ಅದು ನನಗಿಂತ ಮೊದಲು ಹುಚ್ಚವ್ವನಿಗೆ ಹೊಳೆಯಿತು.

"ಹೌದ್ರಿ," ಎಂದಳು. "ನಾನ ತಗೊಂಡೇನ್ರಿ. ಅಕ್ಕಗ ಗೊತ್ತಿಲ್ರಿ."

ಅವ್ವನ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. ಅಂದಾನಪ್ಪನವರು ತಲೆ ತಗ್ಗಿಸಿ ಬರೆದರು. ಐವರೂ ಸಹಿ ಹಾಕಿದರು. ಹುಚ್ಚವ್ವನ ಹೆಬ್ಬೆಟ್ಟನ್ನು ನಾನೇ ಹಿಡಿದು ಮಸಿಗೆ ಒತ್ತಿದೆ. ಪೊಲೀಸರ ತನಕ ಬೇಡ, ವಸ್ತು ಸಿಕ್ಕಿತಲ್ಲ ಎಂದು ಅಂದಾನಪ್ಪನವರು ಪಂಚರನ್ನು ಸಮಾಧಾನ ಮಾಡಿದರು. ಹುಚ್ಚವ್ವ ಗಂಟು ಕಟ್ಟಿಕೊಂಡು ಇಳಿದು ಹೋದಳು. ಓಣಿಯ ಬಾಗಿಲುಗಳಲ್ಲೆಲ್ಲ ಹೆಂಗಸರು ನಿಂತಿದ್ದರು.

ಪಂಚನಾಮೆ ವಿಜಾಪುರಕ್ಕೆ ಹೋಯಿತು. ಅಂದಾನಪ್ಪನವರು ತಾವೇ ಬಸ್ಸು ಹತ್ತಿ ಒಯ್ದರು ಎಂದು ಆಮೇಲೆ ತಿಳಿಯಿತು. ಹದಿನೈದನೆಯ ದಿನ ತಹಸೀಲ್ದಾರ ಕಚೇರಿಯ ಮುಂದೆ ಪೆಂಡಾಲು ಹಾಕಿ ಕೀಲಿಕೈ ಹಂಚಿದರು. ಇಪ್ಪತ್ನಾಲ್ಕನೆಯ ಹೆಸರು ಕರೆದಾಗ ಹಿಂದೆ ಯಾರೋ ಕಿಸಕ್ಕೆಂದು ನಕ್ಕರು. ಹುಚ್ಚವ್ವ ಹೋಗಿ ಕೀಲಿಕೈ ಇಸಕೊಂಡು ಬಂದಳು. ಒಂದು ಕೋಣೆ, ಮುಂದೆ ಒಂದು ಸಣ್ಣ ಕಟ್ಟೆ, ಬಾಗಿಲಿಗೆ ಹೊಸ್ತಿಲು. ಅವತ್ತೇ ಹೊಸ್ತಿಲಿಗೆ ಸುಣ್ಣ ಕೆಮ್ಮಣ್ಣು ಹಚ್ಚಿ, ನೆಲ ಸಾರಿಸಿ, ಮೂಲೆಯಲ್ಲಿ ಬಾಣಂತಿಗೆ ಬೆಂಕಿ ಕಾಯಿಸಲು ಸಗಣಿಯ ಕುಳ್ಳು ಒಟ್ಟಿದಳು. ಮರುದಿನ ಖಣ ಕಂಕುಳಲ್ಲಿಟ್ಟುಕೊಂಡು ಮಗಳನ್ನು ಕರೆತರಲು ಅಮೀನಗಡಕ್ಕೆ ಹೋದಳು.

ಸಂಜೆ ಒಬ್ಬಳೇ ತಿರುಗಿ ಬಂದಳು. ಕಾಶಪ್ಪನ ಬೆಲ್ಲದ ಜೊತೆಗೇ ಸುದ್ದಿ ಅಮೀನಗಡ ಮುಟ್ಟಿತ್ತು. ಹುಲ್ಲಪ್ಪ ಕೆಲಸ ಮಾಡುವ ಅಂಗಡಿಯಲ್ಲೇ ಕಾಶಪ್ಪ ಅದನ್ನು ಆಡಿದ್ದ. ಕಳ್ಳಿಯ ಮನೆಗೆ ಬಾಣಂತನಕ್ಕೆ ಕಳಿಸಿದರೆ ನಾಳೆ ಕೂಸಿನ ಮೈಮೇಲಿನ ತೊಡವನ್ನೆಲ್ಲ ಜನ ಬೆರಳು ಮಾಡಿ ತೋರಿಸುತ್ತಾರೆ ಎಂದು ರಾಮವ್ವ ಬಾಗಿಲು ಹಾಕಿಕೊಂಡಳಂತೆ.

ನಾನು ಹೋದೆ. ನನ್ನಿಂದ ಆದದ್ದು, ನಾನೇ ಸರಿ ಮಾಡುತ್ತೇನೆ ಎಂದು ಬಸ್ಸಿನುದ್ದಕ್ಕೂ ಮಾತು ಜೋಡಿಸಿಕೊಂಡು ಹೋದೆ. ರಾಮವ್ವನ ಮುಂದೆ ಕೂತು ಇದ್ದದ್ದು ಇದ್ದಂತೆ ಹೇಳಿದೆ. ಉಡದಾರ ನಮ್ಮವ್ವನೇ ಕೊಟ್ಟದ್ದು, ಕಳವು ಎಂದದ್ದು ನಾನು, ಮನೆ ಸಿಗಲೆಂದು ಅಂದದ್ದು. ರಾಮವ್ವ ಪೂರಾ ಕೇಳಿದಳು. ಕೆಟ್ಟವಳಲ್ಲ, ಆದರೆ ಹೆಸರಿಗೆ ಹೆದರುವ ಹೆಂಗಸು.

"ನೀವು ಅನ್ನೂದು ಖರೆ ಇದ್ದೀತು," ಎಂದಳು. "ಆದ್ರ ಐದ ಮಂದಿ ಸಹಿ ಮಾಡಿದ ಕಾಗದ ಐತಿ. ನಿಮ್ಮ ಬಾಯಿ ಮಾತ ನಾ ಯಾರಿಗೆ ತೋರಿಸ್ಲಿ? ಕಳವ ಸುಳ್ಳ ಅಂತ ನೀವೂ ಬರದ ಕೊಡ್ರಿ, ಆ ಐದ ಮಂದಿ ಮುಂದ. ಸೊಸಿನ್ನ ಇವತ್ತ ಕಳಸ್ತೇನಿ."

ಬರೆದುಕೊಟ್ಟರೆ ಪಂಚನಾಮೆ ಸುಳ್ಳು. ಪಂಚನಾಮೆ ಸುಳ್ಳಾದರೆ ಮನೆ ವಾಪಸು. ಮನೆ ವಾಪಸಾದರೆ ಮಾಯವ್ವ ಬರುವುದಾದರೂ ಎಲ್ಲಿಗೆ? ನಮ್ಮ ಮನೆಗೇ ಕರೆದುಕೊಳ್ಳುತ್ತಿದ್ದೆ, ಆದರೆ ಬರೆದುಕೊಟ್ಟ ಮರುದಿನ ನನಗೆ ಕೆಲಸವಿಲ್ಲ, ಕೆಲಸವಿಲ್ಲದಿದ್ದರೆ ಆ ಬಾಡಿಗೆ ಮನೆಯೂ ಇಲ್ಲ. ಎಲ್ಲಿ ಕಾಲಿಟ್ಟರೂ ನಾನೇ ತೋಡಿದ ಗುಂಡಿ. ಎದ್ದು ಹೊರಟೆ. ಹಿತ್ತಲ ಬಾಗಿಲಲ್ಲಿ ಕೊಡ ಹಿಡಿದುಕೊಂಡು ಮಾಯವ್ವ ನಿಂತಿದ್ದಳು. ಕಾಲಿನ ಬಾವು ಮೊಣಕಾಲಿನವರೆಗೂ ಏರಿತ್ತು.

"ನಮ್ಮವ್ವಗ ಹೇಳ್ರಿ," ಎಂದಳು ಸಣ್ಣಗೆ, "ನಾ ನಂಬಿಲ್ಲ ಅಂತ."

ಬಸ್ಸಿನಿಂದ ಇಳಿದವಳೇ ನೇರ ಇಳಕಲ್ ರಸ್ತೆಯ ಮನೆಗೆ ಹೋಗಿ ಹುಚ್ಚವ್ವನ ಮುಂದೆ ಎಲ್ಲ ಇಟ್ಟೆ. ಬರೆದುಕೊಡುತ್ತೇನೆ, ನೀನು ಹೂಂ ಅನ್ನು ಎಂದೆ. ನೌಕರಿ ಹೋದರೆ ಹೋಗಲಿ ಎಂದೂ ಅಂದೆ. ಹಾಗೆ ಅನ್ನುವಾಗ ಅವಳು ಬೇಡ ಅನ್ನಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ಇದನ್ನು ಬೇರೆ ಯಾರಿಗೂ ಹೇಳಿಲ್ಲ, ಇಲ್ಲಿ ಹೇಳುತ್ತಿದ್ದೇನೆ.

ಹುಚ್ಚವ್ವ ಗೋಡೆಗೆ ಆನಿ ಕೂತಿದ್ದಳು. ಆಗ ನನಗೆ ಮೊದಲ ಸಲ ಹೇಳಿದಳು: ಹಿಂದಿನ ವರ್ಷ ದೀಪಾವಳಿಯ ಮುಂದೆ ಮಾಯವ್ವ ತುಟಿ ಒಡೆಸಿಕೊಂಡು ಬಂದಿದ್ದಳಂತೆ. ಅಳಿಯ ಕೈ ಎತ್ತುತ್ತಾನೆ. ಒಂದು ಹಗಲು ಕಟ್ಟೆಯ ಮೇಲೆ ತಾಯಿಯ ಪಕ್ಕ ಕೂತಳು. ಮರುದಿನ ಸಂತೆ. ಬೆಳಿಗ್ಗೆ ತರಕಾರಿಯವರು ಬಂದು ಎಬ್ಬಿಸಿದರು. ಎಲ್ಲಿಗೆ ಹೋಗಬೇಕು? ಅಮೀನಗಡದ ಬಸ್ಸು ಹತ್ತಿದಳು.

"ಬರಿಬ್ಯಾಡ್ರಿ," ಎಂದಳು. "ಈ ಹೆರಿಗಿ ಅಲ್ಲೇ ಆಗ್ಲಿ, ಬೀರಪ್ಪ ಅದಾನ. ನಾಳೆ ಆಕಿ ಮತ್ತ ತುಟಿ ಒಡಸ್ಕೊಂಡು ಬಂದ್ರ ಯಾರೂ ಎಬ್ಬಸದಂಥ ಜಾಗ ಬೇಕು. ನಾ ಕಳ್ಳಿ ಆಗಿ ಇರ್ತೇನಿ. ಮನಿ ಇರ್ಲಿ."

ಮಗಳು ನಂಬಿಲ್ಲವಂತೆ ಎಂದು ಹೇಳಿದೆ. ಆಗ ಮಾತ್ರ ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಅಲ್ಲಿಂದ ಆರು ತಿಂಗಳು ನಾನು ಹೇಗೆ ಕಳೆದೆನೋ ನನಗೇ ಗೊತ್ತು. ಅವ್ವ ನನ್ನ ಜೊತೆ ಬೇಕಾದಷ್ಟೇ ಮಾತಾಡುತ್ತಿದ್ದಳು, ಊಟಕ್ಕೆ ಕರೆಯುವಷ್ಟು, ಕದ ಹಾಕು ಎನ್ನುವಷ್ಟು. ಉಡದಾರವನ್ನು ಹುಚ್ಚವ್ವನಿಗೆ ಮತ್ತೆ ಕೊಡುವಂತಿರಲಿಲ್ಲ, ಕೊಟ್ಟರೆ ಪಂಚನಾಮೆ ಸುಳ್ಳೆಂಬುದಕ್ಕೆ ಅದೇ ಸಾಕ್ಷಿ. ಟ್ರಂಕಿನಲ್ಲಿಟ್ಟು ನೋಡುವಂತೆಯೂ ಇರಲಿಲ್ಲ. ಅಡತಿ ಅಂಗಡಿಗಳವರು ಹುಚ್ಚವ್ವನನ್ನು ಶೇಂಗಾ ಒಡೆಯಲು ಕರೆಯುವುದನ್ನು ಬಿಟ್ಟರು. ಕಳ್ಳಿಯ ಕೈಗೆ ಕಾಳು ಯಾರು ಕೊಡುತ್ತಾರೆ? ಅವಳು ತನ್ನ ಹೆಸರು ಗೊತ್ತಿಲ್ಲದ ಹಳ್ಳಿಗಳಿಗೆ ನಡೆದುಹೋಗಿ ಹೊಲದ ಕೆಲಸ ಮಾಡಿ ಬರುತ್ತಿದ್ದಳು. ಅವಳನ್ನು ಅಲ್ಲಿಗೆ ತಂದು ನಿಲ್ಲಿಸಿದ ನಾನು ಬಸ್ಸಿನಲ್ಲಿ ಕೂತು ಊರೂರಿಗೆ ಒಲೆ ಹಾಕಿಸುತ್ತಿದ್ದೆ, ಭೇಷ್ ಎನಿಸಿಕೊಳ್ಳುತ್ತಿದ್ದೆ. ಮಾಯವ್ವ ಅಮೀನಗಡದಲ್ಲೇ ಹೆತ್ತಳು. ಎರಡು ದಿನ ಒದ್ದಾಡಿದಳಂತೆ. ಹೆಣ್ಣುಕೂಸು. ಇಬ್ಬರೂ ಉಳಿದರು. ಹುಚ್ಚವ್ವನಿಗೆ ಯಾರೂ ಹೇಳಿ ಕಳಿಸಲಿಲ್ಲ, ಬಸ್ಸಿನ ಕಂಡಕ್ಟರನ ಬಾಯಿಂದ ತಿಳಿಯಿತು.

ಫೈಲುಗಳನ್ನು ಮುಚ್ಚುವ ಸಮಯ ಬಂತು. ಮನೆ ಪಡೆದವರು ಅಲ್ಲೇ ಇದ್ದಾರೆಯೇ, ಮಾರಿಕೊಂಡು ಹೋದರೇ ಎಂದು ಮನೆಮನೆಗೆ ಹೋಗಿ ಒಂದೊಂದು ಹಾಳೆ ತುಂಬಿಸಿಕೊಂಡು ಬರಬೇಕು. ಇಪ್ಪತ್ಮೂರು ಮನೆ ಮುಗಿಸಿ ಕೊನೆಯದಕ್ಕೆ ಹೋದೆ. ಹುಚ್ಚವ್ವ ಚಾಪೆ ಹಾಸಿದಳು, ನೀರು ಕೊಟ್ಟಳು. ಮನೆ ಕನ್ನಡಿಯ ಹಾಗಿತ್ತು. ಕುಳ್ಳು ಮೂಲೆಯಲ್ಲಿ ಒಟ್ಟಿದ್ದು ಒಟ್ಟಿದ ಹಾಗೇ ಇತ್ತು, ಒಂದೂ ಕಡಿಮೆಯಾಗಿರಲಿಲ್ಲ.

ನಾನು ಹಾಳೆ ಬಿಡಿಸಿ ಹೆಸರು, ಮನೆ ನಂಬರು ಬರೆದೆ. ಕೊನೆಯ ಸಾಲು ಓದಿ ಹೇಳಿದೆ: ಫಲಾನುಭವಿಯು ಈ ಮನೆಯಲ್ಲಿ ನೆಮ್ಮದಿಯಿಂದ ವಾಸವಾಗಿರುವರೇ, ಹೌದು ಅಥವಾ ಇಲ್ಲ. ಓದಿದ ಮೇಲೆ ನನ್ನ ಕೈ ಮುಂದೆ ಹೋಗಲಿಲ್ಲ. ಇಲ್ಲ ಎಂದು ಬರೆದರೆ ಯಾಕೆ ಎಂದು ಕೇಳುತ್ತಾರೆ. ಹೌದು ಎಂದು ಹೇಗೆ ಬರೆಯಲಿ?

ಹುಚ್ಚವ್ವ ನನ್ನ ಮುಖವನ್ನೂ ಪೆನ್ನನ್ನೂ ನೋಡಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಕೊಂಕೂ ಇರಲಿಲ್ಲ. ಹೊತ್ತಾಯಿತು, ಬಸ್ಸು ತಪ್ಪೀತು ಎಂದು ಹೇಳುವ ಹಾಗೆ ಹೇಳಿದಳು.

"ಹೌದ ಅಂತ ಬರೀರಿ ಅಕ್ಕಾರ. ನೀವು ಬರದದ್ದನ್ನ ಎಲ್ಲಾರೂ ಖರೆ ಅಂತಾರ."

ಹೌದು ಎಂದು ಬರೆದೆ. ಅವಳು ತಾನಾಗಿಯೇ ಹೆಬ್ಬೆಟ್ಟು ಮುಂದೆ ಚಾಚಿದಳು.